ಹಾಲಿನಲ್ಲಿ ಕೊಟ್ಟ ಕಬ್ಬಿಣದ ಗುಳಿಗೆ

ಮೊದಲ ಬಸುರಿನಲ್ಲಿ ನನ್ನ ಮಗಳು ಕಬ್ಬಿಣದ ಗುಳಿಗೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಹಿಮೋಗ್ಲೋಬಿನ್ ಏರಲಿಲ್ಲ. ಅವಳನ್ನು ಪರೇಲಿನ ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ನನ್ನದು. ಅಳಿಯನಿಗೆ ರಜೆ ಸಿಗುತ್ತಿರಲಿಲ್ಲ, ನನ್ನ ಹೆಂಡತಿ ತೀರಿಕೊಂಡಿದ್ದಳು.

ರಿಪೋರ್ಟ್ ನೋಡಿದ ಡಾಕ್ಟರಮ್ಮ, ಗುಳಿಗೆ ಹೇಗೆ ನುಂಗುತ್ತೀ ಎಂದು ಹಿಂದಿಯಲ್ಲಿ ಕೇಳಿದರು. ಅತ್ತೆ ಕೊಡುತ್ತಾರೆ, ಊಟದ ನಂತರ, ಕ್ಯಾಲ್ಸಿಯಂ ಗುಳಿಗೆಯ ಜೊತೆಗೇ, ದೊಡ್ಡ ಲೋಟದ ಹಾಲಿನಲ್ಲಿ ಎಂದಳು ಮಗಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹಾಲು, ಕ್ಯಾಲ್ಸಿಯಂ, ಕಬ್ಬಿಣ ಒಟ್ಟಿಗೆ ಹೋದರೆ ಕರುಳು ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲವಂತೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಲಿಂಬೆ ನೀರಿನೊಡನೆ ಕಬ್ಬಿಣ, ಚಹಾ ಬಹಳ ಹೊತ್ತಿನ ಮೇಲೆ, ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ. ರಕ್ತ ಹೀಗೇ ಕಡಿಮೆಯಿದ್ದರೆ ಹೆರಿಗೆಯಲ್ಲಿ ಜೀವಕ್ಕೆ ಅಪಾಯ ಎಂದೂ ಹೇಳಿದರು. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿ ದುಡಿದವನು ನಾನು. ಒಂದೇ ಗೇಟಿನಲ್ಲಿ ಎರಡು ಬಸ್ ನುಗ್ಗಿಸಬಾರದೆಂದು ನನಗೆ ಬಿಡಿಸಿ ಹೇಳಬೇಕಿರಲಿಲ್ಲ.

ಅಂದೇ ಭಾಂಡುಪಿನಲ್ಲಿ ಮಗಳ ಗಂಡನ ಮನೆಯಲ್ಲಿ ಕೂತು ಬೀಗಿತ್ತಿಗೆ ಎಲ್ಲವನ್ನೂ ಹೇಳಿದೆ.

“ಬೀಗರ, ಕಬ್ಬಿಣದ ಗುಳಿಗಿ ಉಷ್ಣ. ಹಾಲಾಗ ಕೊಟ್ರ ತಂಪ. ನಾ ಮೂರು ಹಡದೀನಿ.”

“ನೀವು ಹಡಿಯೂ ಮುಂದ ಗುಳಿಗಿ ಎಲ್ಲಿದ್ವರೀ?”

“ಇರಲಿಲ್ಲ. ಬರೇ ಹಾಲು ಕುಡದ ಹಡದೀನಿ,” ಎಂದು ನಕ್ಕರು. ಆಮೇಲೆ ನಗು ನಿಂತಿತು. “ಸೊಸಿಗೆ ಹಾಲು ಕೊಟ್ಟದ್ದೂ ತಪ್ಪಾತೇನ್ರಿ? ಹೆಂಗಸರ ಮಾತಿನಾಗ ನೀವ್ಯಾಕ ಬರ್ತೀರಿ?”

ಸೊಸೆಗೆ ಹಾಲು ಕೊಡುವ ಮನೆ ಎಂಬುದು ಅವರ ಹೆಮ್ಮೆ. ಬಂದವರೆದುರಿಗೇ ಕಾಯಿಸಿ ಕೊಡುತ್ತಿದ್ದರು. ಅಳಿಯ ಮೊಬೈಲಿನಿಂದ ತಲೆ ಎತ್ತಿ, “ಪಪ್ಪಾ, ಮಮ್ಮಿ ಸೇ ಕೌನ್ ಲಡೇಗಾ,” ಎಂದ, ಅಮ್ಮನೊಡನೆ ಜಗಳಕ್ಕೆ ಯಾರು ನಿಲ್ಲುತ್ತಾರೆ ಎಂಬಂತೆ. ಆ ರಾತ್ರಿಯೂ ಮಗಳು ಹಾಲಿನಲ್ಲೇ ಗುಳಿಗೆ ನುಂಗಿದಳಂತೆ. ಮರುದಿನ ಫೋನಿನಲ್ಲಿ ನಾನೇ ಕೇಳಿ ತಿಳಿದುಕೊಂಡೆ.

ಮುಂದಿನ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಇನ್ನೂ ಇಳಿದಿತ್ತು. ಇನ್ನು ಗುಳಿಗೆಯನ್ನು ನಂಬಿ ಕೂರುವಂತಿಲ್ಲ ಎಂದು ಡಾಕ್ಟರಮ್ಮ ಆಸ್ಪತ್ರೆಯಲ್ಲೇ ಮಲಗಿಸಿ ಸಲೈನಿನಲ್ಲಿ ಕಬ್ಬಿಣ ಕೊಡಿಸಿದರು. ಬೀಗಿತ್ತಿಯೂ ಬಂದರು. ಪಕ್ಕದ ಹಾಸಿಗೆಯವಳಿಗೆ, ನನಗೂ ಕೇಳುವ ಹಾಗೆ, “ಇವರ ತವರಿನ ರಕ್ತನ ತೆಳು,” ಎಂದರು. ನಾನು ಬಾಯಿ ತೆರೆದೆ. ಮಗಳು ಸೂಜಿ ಇಲ್ಲದ ಕೈಯಿಂದ ನನ್ನ ಅಂಗಿ ಜಗ್ಗಿದಳು.

ಅತ್ತೆ ಹೊರಗೆ ಹೋದ ಮೇಲೆ ಕೇಳಿದೆ. “ನೀನರ ಒಂದ ಮಾತು ಹೇಳಬಾರದಿತ್ತೇನವಾ? ಜೀವ ನಿಂದು.”

“ನೀ ಹೇಳಿ ಸಂಜೀ ಲೋಕಲ್ ಗಾಡಿ ಹಿಡೀತಿ, ಅಪ್ಪಾ. ನಾ ಅಲ್ಲೇ ಇರಬೇಕು.” ಸಲೈನಿನ ಬಾಟಲಿಯನ್ನು ನೋಡಿದಳು. “ಇದರಾಗಂತೂ ಯಾರೂ ಹಾಲು ಬೆರಸೂದಿಲ್ಲ ಬಿಡು.”

ನಕ್ಕಳು. ನನಗೆ ನಗು ಬರಲಿಲ್ಲ.

ರಕ್ತ ಏರಿತು, ಹೆರಿಗೆಯೂ ಸುಸೂತ್ರವಾಯಿತು. ಎಲ್ಲರೂ ಪೇಢಾ ತಿಂದರು, ನಾನೂ ತಿಂದೆ. ಕರುಳನ್ನು ದಾಟಿಸಿ ನೇರ ನರಕ್ಕೆ ಕಬ್ಬಿಣ ಕೊಡುವ ದಾರಿ ಡಾಕ್ಟರರಿಗೆ ಗೊತ್ತಿತ್ತು, ಮಗಳು ಉಳಿದಳು. ಆದರೆ ತನ್ನ ಜೀವಕ್ಕಿಂತ ಆ ಮನೆಯ ಶಾಂತಿಯೇ ದೊಡ್ಡದು ಎಂದು ಅವಳು ಮೊದಲೇ ಲೆಕ್ಕ ಹಾಕಿ ಮುಗಿಸಿದ್ದಳು. ಆ ಮನೆಯನ್ನು ಹುಡುಕಿ, ಒಳ್ಳೆಯ ಜನ ಎಂದು ಒಪ್ಪಿಸಿ, ಅವಳನ್ನು ಕೊಟ್ಟವನು ನಾನೇ.