ಡ್ರಿಲ್ ಮೇಷ್ಟ್ರ ವಾಚು
ಅತ್ತ ಅಗ್ಗವೂ ಅಲ್ಲದ, ಇತ್ತ ದುಬಾರಿಯೂ ಅಲ್ಲದ ಎರಡು ಸ್ಪೋರ್ಟ್ಸ್ ವಾಚುಗಳನ್ನು ಹೋಲಿಸಲು ನಿವೃತ್ತ ಡ್ರಿಲ್ ಮೇಷ್ಟ್ರು ಕುಳಿತು ಮೂರು ತಿಂಗಳಾಯಿತು, ಕುಳಿತದ್ದಂತೂ ನಿಜ. ಆರಾಮಕುರ್ಚಿ, ಹೊಟ್ಟೆಯ ಮೇಲೊಂದು ನೋಟ್‌ಬುಕ್ಕು, ಅದರಲ್ಲಿ ಸ್ಕೇಲಿಟ್ಟು ಎಳೆದ ಗೆರೆಯ ಆಚೆಗೊಂದು ವಾಚು, ಈಚೆಗೊಂದು. ಇನ್ನೂರು ಮೀಟರ್ ಆಳದ ನೀರನ್ನೂ ತಡೆಯುತ್ತವೆಂದು ಎರಡಕ್ಕೂ ಸಮ ಅಂಕ ಕೊಟ್ಟು, "ನಾನು ಇಳಿಯೋದು ಬಚ್ಚಲಿಗೆ ಮಾತ್ರ" ಎಂದು ತಾವೇ ನಗುತ್ತಾರೆ. ವಾಚಿನಂಗಡಿಯವನಿಗೆ ದಿನಕ್ಕೊಂದು ಫೋನು: "ಬೆವರಿಗೆ ರಬ್ಬರ್ ಬೆಲ್ಟು ಒಳ್ಳೇದೋ, ಸ್ಟೀಲಿಂದೋ?" ಬೆವರೆಲ್ಲಿಂದ ಬರಬೇಕು! ಊರ ಮಕ್ಕಳನ್ನೆಲ್ಲ ಓಡಿಸಿದವರು ನಿವೃತ್ತರಾದಂದಿನಿಂದ ಗೇಟು ದಾಟಿದವರಲ್ಲ. "ಅಪ್ಪಾ, ಇವಕ್ಕೆ ಸೆಲ್ಲಿಲ್ಲ, ಕೈ ಆಡಿದ್ರೇನೇ ಓಡೋದು. ನಿಮ್ಮ ಕೈಗೆ ಕಟ್ಟಿದ್ರೆ ಎರಡೂ ನಿಲ್ಲುತ್ವೆ" ಎಂದು ಮಗಳು ಛೇಡಿಸಿದ ದಿನ ಮಾತ್ರ ಮೇಷ್ಟ್ರು ನಗಲಿಲ್ಲ. ಮರುದಿನ ಫೋನಿನಲ್ಲಿ ಅಂಗಡಿಯವನು, "ಮೊದಲನೇದೇ ತಗೊಳ್ಳಿ ಸಾರ್, ಬಿಚ್ಚಿಟ್ರೂ ಎಪ್ಪತ್ತು ಗಂಟೆ ಓಡುತ್ತೆ. ಇನ್ನೊಂದು ನಲವತ್ತಕ್ಕೇ ನಿಲ್ಲುತ್ತೆ" ಎಂದ. ಮೇಷ್ಟ್ರು ನೋಟ್‌ಬುಕ್ಕು ಮುಚ್ಚಿ ನಲವತ್ತು ಗಂಟೆಯದ್ದನ್ನೇ ಕೇಳಿದರು: "ನಾನು ಮತ್ತೆ ಕೂತುಬಿಟ್ರೆ ಬೇಗ ಗೊತ್ತಾಗ್ಲಿ ಕಣಪ್ಪ. ಮನೆಗೆ ಕಳಿಸ್ಬೇಡ, ನಾನೇ ನಡ್ಕೊಂಡು ಬರ್ತೀನಿ."