ದೀಪ ಹಚ್ಚುವ ಹೊತ್ತಿನ ಫೋನ್

ಹೋದ ವಾರ ಫ್ಲೈಟ್ ಬ್ಯಾಗನ್ನು ಒಗೆಯೋಣವೆಂದು ಬರಿದು ಮಾಡುತ್ತಿದ್ದಾಗ ಪಕ್ಕದ ಜೇಬಿನ ಮೂಲೆಯಲ್ಲಿ ಒಂದು ಚೂರು ಕೊಬ್ಬರಿ ಸಿಕ್ಕಿತು. ಹಳದಿಗಟ್ಟಿ, ಕಮಟು ವಾಸನೆ ಹೊಡೆಯುತ್ತಿತ್ತು. ಬೇರೆ ಯಾರೇ ಆಗಿದ್ದರೂ ಮೂಗು ಮುಚ್ಚಿಕೊಂಡು ಬಿಸಾಡುತ್ತಿದ್ದರು. ನಾನು ಅದನ್ನು ಕೈಯಲ್ಲಿ ಹಿಡಿದು ಬಚ್ಚಲಲ್ಲೇ ಕೂತು ಅತ್ತುಬಿಟ್ಟೆ.

ಅದು ಕ್ಯಾಪ್ಟನ್ ಅಣ್ಣ ಕೊಟ್ಟಿದ್ದ ಕೊಬ್ಬರಿ.

ಕೋ-ಪೈಲಟ್ ಆಗಿ ನಾನು ಅವರ ಪಕ್ಕದಲ್ಲಿ ಮೊದಲ ಸಲ ಕೂತ ದಿನ ಸೀಟಿನ ಬೆಲ್ಟು ಸಿಕ್ಕಿಕೊಂಡು ಬರಲೊಲ್ಲದು. ‘ಥೂ, ಇದರ ಮನೆ ಹಾಳಾಗ’ ಎಂದು ಗೊಣಗಿದೆ. ಅಷ್ಟು ಹೊತ್ತೂ ಇಂಗ್ಲಿಷಿನಲ್ಲೇ ಬಿಗಿಯಾಗಿ ಮಾತಾಡುತ್ತಿದ್ದ ಮನುಷ್ಯ ಕತ್ತು ತಿರುಗಿಸಿ, “ಯಾವೂರವ್ವಾ ನಿಂದು?” ಅಂದರು. ಅಜ್ಜಂಪುರ ಅಂದೆ. ಅವರದು ಸಿಂಗಟಗೆರೆ. ಆವತ್ತಿನಿಂದ ನಾಲ್ಕು ಜನರ ಎದುರಿಗೆ ಅವರು ನನಗೆ ಸರ್, ಇಲ್ಲದಿದ್ದರೆ ಅಣ್ಣ.

ಅವರ ತಾಯಿ ಕಡೂರಿನಲ್ಲಿ ಮಗಳ ಮನೆಯಲ್ಲಿದ್ದರು. ಕೊಬ್ಬರಿ, ಬೆಲ್ಲ ಡಬ್ಬಿಗೆ ತುಂಬಿ ಮಗನಿಗೆ ಕಳಿಸುತ್ತಿದ್ದರು. ಬೆಳಗಿನ ಜಾವ, ಹಿಂದೆ ಪ್ರಯಾಣಿಕರೆಲ್ಲ ನಿದ್ದೆ ಹೋಗಿರುವಾಗ, ಅಣ್ಣ ಆ ಡಬ್ಬಿ ತೆಗೆದು ನನಗೊಂದು ಚೂರು ಕೊಟ್ಟು ತಾವೊಂದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅಗಿಯುವ ಬಾಯಿಗೆ ನಿದ್ದೆ ಹತ್ತುವುದಿಲ್ಲ ಅನ್ನುವುದು ಅವರ ಲೆಕ್ಕ. ಎಂಥ ಲೆಕ್ಕವೋ...

ಹೊರಗಿನವರಿಗೆ ದಣಿವು ಎಂದರೆ ತೂಕಡಿಕೆ. ನಮ್ಮ ಕೆಲಸದಲ್ಲಿ ಅದು ಹಾಗೆ ಸಲೀಸಾಗಿ ಸಿಕ್ಕಿಬೀಳುವುದಿಲ್ಲ. ಕಣ್ಣು ತೆರೆದೇ ಇರುತ್ತದೆ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಕೇಳಿದ ಮಾತು ಮಾತ್ರ ತಲೆಗೆ ಹೋಗಲು ತಡವಾಗುತ್ತದೆ. ಒಂದೇ ಪರದೆಯನ್ನು ದಿಟ್ಟಿಸುತ್ತ ಮಿಕ್ಕಿದ್ದೆಲ್ಲ ಮರೆತುಹೋಗುತ್ತದೆ. ತಪ್ಪಾಗಿದೆ ಎಂದು ಪಕ್ಕದವರು ಹೇಳಿದರೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಕುಡಿದವನು ತಾನು ನೆಟ್ಟಗಿದ್ದೇನೆ ಅಂದುಕೊಳ್ಳುವ ಹಾಗೆಯೇ ದಣಿದವನೂ ಅಂದುಕೊಳ್ಳುತ್ತಾನೆ. ರಾತ್ರಿ ಹಾರುವವರು ಹಗಲು ಮಲಗಲೇಬೇಕು, ಅದಕ್ಕೆ ಬೇರೆ ಮದ್ದಿಲ್ಲ.

ಆದರೆ ನಮ್ಮ ಕಡೆ ಮುಸ್ಸಂಜೆ ಮಲಗುವ ಹಾಗಿಲ್ಲವಲ್ಲ! ದೇವರಿಗೆ ದೀಪ ಹಚ್ಚುವಾಗ ಯಾರಾದರೂ ಮಲಗಿದ್ದರೆ ಲಕ್ಷ್ಮಿ ಬಾಗಿಲಿಂದಲೇ ವಾಪಸ್ಸು ಹೋಗುತ್ತಾಳೆ. ಜ್ವರ ಬಂದವರನ್ನೂ ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಅಣ್ಣನ ತಾಯಿ ಕಡೂರಿನಲ್ಲಿ ದೀಪ ಹಚ್ಚಿದವರೇ ಬೆಂಗಳೂರಿಗೆ ಫೋನ್ ಮಾಡುತ್ತಿದ್ದರು. “ಏಳಪ್ಪಾ, ದೀಪ ಹಚ್ಚೋ ಹೊತ್ತು.” ರಾತ್ರಿ ಡ್ಯೂಟಿಗೆಂದು ಮಧ್ಯಾಹ್ನ ಒದ್ದಾಡಿ ಒದ್ದಾಡಿ ಆಗತಾನೇ ಕಣ್ಣು ಮುಚ್ಚಿದ ಮಗ ಎದ್ದು ಕೂರುತ್ತಿದ್ದರು. ಆಮೇಲೆ ನಿದ್ದೆಯೆಲ್ಲಿ ಬರಬೇಕು?

ಇದನ್ನು ನಗುನಗುತ್ತಲೇ ಹೇಳಿದ್ದರು. ನನಗೆ ನಗು ಬರಲಿಲ್ಲ. ಫೋನ್ ಆಫ್ ಮಾಡಿ ಮಲಗಿ, ಇಲ್ಲ ಅವ್ವನಿಗೆ ಬಿಡಿಸಿ ಹೇಳಿ ಎಂದು ಗದರಿದ್ದೆ.

“ಅವ್ವ ಬದುಕಿರೋ ತನಕ ಎಬ್ಬಿಸ್ಲಿ ಬಿಡು. ಎಬ್ಬಿಸೋರು ಇರಬೇಕು ಕಣವ್ವಾ ಮನುಷ್ಯಂಗೆ,” ಅಂದಿದ್ದರು.

ಗೌರಿ ಹಬ್ಬದ ಹಿಂದಿನ ರಾತ್ರಿ ನಾವಿಬ್ಬರೂ ಮತ್ತೆ ಜೊತೆಯಾದೆವು. ಹಬ್ಬದ ಓಡಾಟ, ತಂಗಿಗೆ ಬಾಗಿನದ ಸಾಮಾನು, ಅದರ ಮೇಲೆ ಸಂಜೆಯ ಫೋನು... ಅಣ್ಣನ ಮುಖ ಬಾಡಿಹೋಗಿತ್ತು. ಬೆಳಗಿನ ಜಾವ ಬೆಂಗಳೂರಿಗೆ ಇಳಿಯುವಾಗ ವಿಮಾನ ಅವರ ಕೈಯಲ್ಲಿತ್ತು. ಇಷ್ಟು ಎತ್ತರಕ್ಕೆ ಇಳಿಯಿರಿ ಎಂದು ಕೆಳಗಿನ ಕಂಟ್ರೋಲಿನವರು ರೇಡಿಯೋದಲ್ಲಿ ಹೇಳಿದ್ದನ್ನು ನಾನು ತಿರುಗಿ ಒಪ್ಪಿಸಿದೆ. ಅವರು ಅದಕ್ಕಿಂತ ಕೆಳಗಿನ ಅಂಕಿಗೆ ಗುಂಡಿ ತಿರುಗಿಸಿಟ್ಟರು. ಹೇಳಿದೆ. ಸರಿಯಾಗೇ ಇದೆಯಲ್ಲ ಎಂದು ರೇಗಿದರು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಆ ಅಂಕಿಯನ್ನು ನೋಡಿದರು, ನೋಡುತ್ತಲೇ ಇದ್ದರು. ಓದು ಬಾರದವರು ಬಸ್ಸಿನ ಬೋರ್ಡು ನೋಡುವ ಹಾಗಿತ್ತು ಅದು. ನಾನೇ ಸರಿಪಡಿಸಿದೆ.

“ನೀನೇ ಇಳಿಸವ್ವಾ,” ಅಂದರು ಆಮೇಲೆ. “ನನ್ನ ತಲೆ ನನ್ನ ಹತ್ರ ಇಲ್ಲ.”

ನಾನು ಇಳಿಸಿದೆ. ಕೆಳಗೆ ಬಂದವರೇ ಅಣ್ಣ ತಾವಾಗಿ ಆಫೀಸಿಗೆ ನಡೆದಿದ್ದೆಲ್ಲ ತಿಳಿಸಿದರು. ದಣಿದಿದ್ದೇನೆ, ಮುಂದಿನ ಹಾರಾಟಕ್ಕೆ ನಾನು ಆಗುವುದಿಲ್ಲ ಎಂದರು. ಹಾಗೆ ಬಾಯಿಬಿಟ್ಟು ಹೇಳಲು ಎಂಥವರಿಗೂ ಎದೆ ಬೇಕು. ಎಷ್ಟು ದೊಡ್ಡವರಾಗಿ ಕಂಡರು ಆಗ ಅವರು!

ಅಲ್ಲಿಂದ ಸೀದಾ ಕಾರಿನ ಹತ್ತಿರ ನಡೆದರು. ಒಂದು ನಿದ್ದೆ ಮಾಡಿ ಹೋಗಿ ಅಣ್ಣ ಎಂದು ಗೋಗರೆದೆ. ಪೂಜೆ ಹೊತ್ತಿಗೆ ತಂಗಿ ಬಾಗಿನಕ್ಕೆ ಕಾಯುತ್ತಿರುತ್ತಾಳೆ, ಕಡೂರಿಗೆ ಹೋಗಿ ಮಲಗುತ್ತೇನೆ ಅಂದರು. ಡಬ್ಬಿಯಲ್ಲಿ ಉಳಿದಿದ್ದ ಕೊಬ್ಬರಿಯನ್ನು ನನ್ನ ಕೈಗೆ ಹಾಕಿ ಹೊರಟರು. ಅದನ್ನು ನಾನು ಬ್ಯಾಗಿನ ಜೇಬಿಗೆ ಸುರಿದುಕೊಂಡೆ.

ಬಾಣಾವರ ದಾಟಿದ ಮೇಲೆ ಕಾರು ರಸ್ತೆ ಬಿಟ್ಟು ಮರಕ್ಕೆ ಹೊಡೆದಿತ್ತು. ಬ್ರೇಕ್ ಹಾಕಿದ ಗುರುತೂ ಇರಲಿಲ್ಲವಂತೆ. ಕಡೂರು ಇನ್ನೇನು ಬಂತು ಅನ್ನುವಷ್ಟು ದೂರ. ಬಾಗಿನದ ಮೊರ ಹಿಂದಿನ ಸೀಟಿನಲ್ಲಿ ಹಾಗೇ ಇತ್ತಂತೆ.

ನನಗೆ ಈಗಲೂ ಅವರ ಮೇಲೆ ಕೆಟ್ಟ ಸಿಟ್ಟಿದೆ. ಅಷ್ಟು ಜನರನ್ನು ಹೊತ್ತ ವಿಮಾನಕ್ಕೆ ತಾನು ಆಗುವುದಿಲ್ಲ ಎಂದು ಗೊತ್ತಾದ ಮನುಷ್ಯನಿಗೆ, ತಾನೊಬ್ಬನೇ ಕೂರುವ ಕಾರಿಗೂ ಆಗುವುದಿಲ್ಲ ಎಂದು ಯಾಕೆ ಗೊತ್ತಾಗಲಿಲ್ಲ? ತನ್ನ ಜೀವ ಲೆಕ್ಕಕ್ಕೇ ಇರಲಿಲ್ಲವೇ? ಮೇಲೆ ಎಚ್ಚರಿಸಲು ಪಕ್ಕದಲ್ಲಿ ನಾನಿದ್ದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ.

ತಿಥಿಯ ದಿನ ಕಂಪನಿಯಿಂದ ಬಂದಿದ್ದವರೊಬ್ಬರು ಊಟದ ಪಂಕ್ತಿಯಲ್ಲಿ, ಹಿಂದಿನ ದಿನ ಸಂಜೆ ಒಂದಿಷ್ಟು ನಿದ್ದೆಯಾಗಿದ್ದರೆ ಹೀಗಾಗುತ್ತಿರಲಿಲ್ಲ ಅಂದುಬಿಟ್ಟರು. ಅಣ್ಣನ ತಾಯಿ ಅಲ್ಲೇ ಬಾಗಿಲಲ್ಲಿ ನಿಂತಿದ್ದರು. ಅದನ್ನು ಕೇಳಿಸಿಕೊಂಡು ಒಳಗೆ ಹೋದರು. ಆಮೇಲೆ ಆ ಮನೆಗೆ ಹೋಗಲು ನನಗೆ ಧೈರ್ಯವೇ ಬಂದಿರಲಿಲ್ಲ.

ಕೊಬ್ಬರಿ ಸಿಕ್ಕ ಮೇಲೆ ತಡೆಯಲಾಗಲಿಲ್ಲ. ಮೊನ್ನೆ ರಾತ್ರಿ ಡ್ಯೂಟಿ ಮುಗಿಸಿ, ನಿನ್ನೆ ಬೆಳಿಗ್ಗೆ ಬಸ್ಸು ಹತ್ತಿ ಕಡೂರಿಗೆ ಹೋದೆ. ಮನೆಯಲ್ಲಿ ತಾಯಿ ಒಬ್ಬರೇ ಇದ್ದರು, ತುಂಬ ಬಡವಾಗಿದ್ದಾರೆ. ಮಗನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಊಟಕ್ಕೆ ಹಾಕಿ, ನನ್ನ ಕಣ್ಣು ನೋಡಿ, ನಡುಮನೆಯಲ್ಲಿ ಚಾಪೆ ಹಾಸಿಕೊಟ್ಟರು. ನಿದ್ದೆಗೆ ಹಾಸಿಗೆ ಬೇಡ ಅನ್ನುತ್ತಾರಲ್ಲ, ಬಿದ್ದ ತಕ್ಷಣ ಮಲಗಿಬಿಟ್ಟೆ.

ಎಚ್ಚರವಾದಾಗ ಮನೆಯೆಲ್ಲ ಕತ್ತಲು. ಕರೆಂಟ್ ಹೋಗಿರಲಿಲ್ಲ, ಎದುರು ಮನೆಯಲ್ಲಿ ಬೆಳಕಿತ್ತು. ತಾಯಿ ನನ್ನ ತಲೆಯ ಹತ್ತಿರ ನೆಲದ ಮೇಲೆ ಕೂತಿದ್ದರು. ದೇವರ ಗೂಡಿನಲ್ಲೂ ಕತ್ತಲು. ನಾನು ಗಾಬರಿಯಾಗಿ ಎದ್ದು ಕೂತೆ.

“ಅವ್ವಾ, ದೀಪ ಹಚ್ಲಿಲ್ವಾ?”

“ನೀನು ಮಲಗಿದ್ಯಲ್ಲ,” ಅಂದರು. “ದೀಪ ನಾಳೆ ಹಚ್ಚಿದ್ರಾಯ್ತು. ಮಲಕ್ಕೋ ಮಗಾ.”

ಮತ್ತೆ ದಿಂಬಿಗೆ ತಲೆಯಿಟ್ಟೆ. ನಿದ್ದೆಯೇನೂ ಬರಲಿಲ್ಲ. ಆದರೂ ಕಣ್ಣು ಮುಚ್ಚಿಕೊಂಡು, ನಿದ್ದೆ ಹೋದವಳ ಹಾಗೆ ನಿಧಾನವಾಗಿ ಉಸಿರಾಡುತ್ತ, ಅವರಿಗಾಗಿ ತುಂಬ ಹೊತ್ತು ಮಲಗಿಯೇ ಇದ್ದೆ.