ಕಟಕ್ ಎನ್ನಬೇಕಾದ ರಸ್ಕು

ದ್ವೀಪಕ್ಕೆ ಬಂದಿಳಿದ ದಿನವೇ ರಸ್ಕಣ್ಣನಿಗೂ ಸಮುದ್ರಕ್ಕೂ ಜಗಳ ಹತ್ತಿಕೊಂಡಿತು. ಹಡಗಿನಿಂದ ಕಟ್ಟೆಗೆ ಕಾಲಿಡುವಷ್ಟರಲ್ಲಿ ಒಂದು ಅಲೆ ಬಂದು ಅವನ ಹೊಸ ಚಪ್ಪಲಿಯನ್ನು ತೋಯಿಸಿ ಹೋಯಿತು. "ನಿನ್ನ ಒಂದು ಕೈ ನೋಡ್ಕೋತೀನಿ" ಎಂದು ಅವನು ನಾಲ್ಕು ಜನರ ಎದುರಿಗೇ ಅದಕ್ಕೆ ಸವಾಲು ಹಾಕಿದ. ಸಮುದ್ರ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ.

ರಸ್ಕಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ತಿಂದವರು ಇಟ್ಟದ್ದು. ಒಣಹವೆಯ ಊರಿನ ಬೇಕರಿಯೊಂದರಲ್ಲಿ ಮೀಸೆ ಮೂಡುವ ಮುಂಚಿನಿಂದ ಮೀಸೆ ನರೆಯುವವರೆಗೆ ಅವನು ಭಟ್ಟಿಯ ಬಾಯಿಗೆ ಮುಖ ಕೊಟ್ಟು ನಿಂತಿದ್ದ. ಬನ್ನು, ಬ್ರೆಡ್ಡು, ಕೇಕು ಎಲ್ಲ ಮಾಡಬಲ್ಲ. ಆದರೆ ಅವನ ಪ್ರಕಾರ ಅವೆಲ್ಲ ಹಲ್ಲಿಲ್ಲದವರ ತಿಂಡಿ. ಬ್ರೆಡ್ಡನ್ನು ಹೋಳು ಮಾಡಿ, ಮತ್ತೆ ಭಟ್ಟಿಗೆ ದೂಡಿ, ನೀರಿನ ಪಸೆಯನ್ನೆಲ್ಲ ಓಡಿಸಿದ ಮೇಲೆ ಉಳಿಯುವುದೇ ರಸ್ಕು. ಕಚ್ಚಿದರೆ ಪಕ್ಕದ ಮನೆಗೆ ಕೇಳಬೇಕು. ಮೊದಲ ತುಂಡನ್ನು ಒಣಗಿದ್ದಂತೆಯೇ ಕಡಿಯಬೇಕು, ಆಮೇಲೆ ಬೇಕಿದ್ದರೆ ಚಹಾದಲ್ಲಿ ಅದ್ದಿಕೊಳ್ಳಬಹುದು. ಇದು ಅವನ ಕಾನೂನು. ಕಡಿಯದೆ ಅದ್ದಲು ಹೋದ ಗಿರಾಕಿಯ ಕೈಯಿಂದ ರಸ್ಕನ್ನು ಕಿತ್ತುಕೊಂಡು, "ನಿಮಗೆ ಬನ್ನೇ ಸರಿ, ಹೋಗಿ" ಎಂದು ಕಳಿಸಿದ ಇತಿಹಾಸ ಅವನಿಗಿದೆ.

ಇಂಥವನನ್ನು ದ್ವೀಪಕ್ಕೆ ಎಳೆದು ತಂದವನು ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಬಂದರು ಬೀದಿಯಲ್ಲಿ ಅವನದೊಂದು ಬೇಕರಿ. ಭಟ್ಟಿಯ ಕೆಲಸದವನು ಬಿಟ್ಟುಹೋದಾಗ ಫೋನು ಮಾಡಿ, "ಬಂದುಬಿಡು ತಮ್ಮಾ, ಇಲ್ಲಿ ಗಾಳಿ ಅಂದ್ರೆ ಗಾಳಿ!" ಎಂದಿದ್ದ. ಎಂಥ ಗಾಳಿ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಒದ್ದೆ ಗಾಳಿ. ಮೈಗೆ ಅಂಟುವ, ಬೆನ್ನು ಬಿಡದ, ಕರೆಯದೆ ಬಂದು ಮಂಚದ ಮೇಲೆ ಕೂರುವ ನೆಂಟನಂಥ ಗಾಳಿ. ಬೆಂಕಿಪೊಟ್ಟಣದ ಕಡ್ಡಿ ಗೀರಿದರೆ ಕೆಮ್ಮಿ ಸುಮ್ಮನಾಗುತ್ತಿತ್ತು. ಉಪ್ಪಿನ ಡಬ್ಬಿಯನ್ನು ಬೋರಲು ಹಾಕಿ ಗುದ್ದಿದರೂ ಉಪ್ಪು ಬೀಳುತ್ತಿರಲಿಲ್ಲ. ಮದುವೆಯಲ್ಲಿ ಹೊಲಿಸಿದ ಕೋಟಿಗೆ ಹಸಿರು ಬೂಷ್ಟು ಬಂದು, ಅದು ಅವನಿಗಿಂತ ಎಳೆಯದಾಗಿ ಕಾಣತೊಡಗಿತು. ಬೆಳಿಗ್ಗೆ ಬಚ್ಚಲಿಗೆ ಹೋದರೆ ಅಲ್ಲೊಂದು ಏಡಿ ಎರಡೂ ಕೈಯೆತ್ತಿ ನಿಂತಿರುತ್ತಿತ್ತು. ನಮಸ್ಕಾರಕ್ಕಲ್ಲ.

ಇದನ್ನೆಲ್ಲ ರಸ್ಕಣ್ಣ ಸಹಿಸಿದ. ಸಹಿಸಲಾಗದ್ದು ಒಂದೇ. ಭಟ್ಟಿಯಿಂದ ವೀರನಂತೆ ಹೊರಬಂದ ರಸ್ಕು ಚಹಾ ಕಾಯುವಷ್ಟರಲ್ಲಿ ಸೊರಗಿ, ಬಗ್ಗಿ, ಹಿಂಡಿದ ಬಟ್ಟೆಯಂತಾಗುತ್ತಿತ್ತು.

ಹೆಂಡತಿಗೆ ಮಾತ್ರ ದ್ವೀಪ ತವರಿಗಿಂತ ಹೆಚ್ಚಾಯಿತು. ಬೇಕರಿಗೆ ಸೋಮವಾರ ರಜೆ. ಪ್ರತಿ ಸೋಮವಾರ ಅಕ್ಕತಂಗಿಯರು ಬುತ್ತಿ ಕಟ್ಟಿ, ಗಂಡಂದಿರಿಬ್ಬರನ್ನೂ ಹೊರಡಿಸಿಕೊಂಡು ಒಮ್ಮೆ ದೀಪಸ್ತಂಭಕ್ಕೆ, ಒಮ್ಮೆ ಜಲಪಾತಕ್ಕೆ, ಒಮ್ಮೆ ಬಿಳಿ ಮರಳಿನ ತೀರಕ್ಕೆ ನಡೆಯುತ್ತಿದ್ದರು. ರಸ್ಕಣ್ಣ ಮೂತಿ ಊದಿಸಿಕೊಂಡು ಹಿಂದೆ ಹೋಗುತ್ತಿದ್ದ, ಕಂಕುಳಲ್ಲಿ ರಸ್ಕಿನ ಡಬ್ಬಿ. ಜನ ಸೂರ್ಯಾಸ್ತ ನೋಡುವಾಗ ಅವನು ಮುಚ್ಚಳ ತೆಗೆದು ಡಬ್ಬಿಯೊಳಗೆ ನೋಡುತ್ತಿದ್ದ. ಗರಿಗರಿ ಇದೆಯೋ ಹೋಯಿತೋ ಎಂದು ಒಂದನ್ನು ಒತ್ತಿ ನೋಡಿ ಮುಚ್ಚುವನು. ಹತ್ತು ಹೆಜ್ಜೆ ನಡೆದು ಮತ್ತೆ ತೆಗೆಯುವನು.

"ಅದೇನ್ರೀ ಅದು, ತೊಟ್ಟಿಲಲ್ಲಿ ಮಗು ಉಸಿರಾಡ್ತಿದೆಯಾ ಅಂತ ನೋಡೋ ಹಾಗೆ" ಎಂದು ಹೆಂಡತಿ ಒಮ್ಮೆ ಕೇಳಿದಳು. "ನೀವು ಮುಚ್ಚಳ ತೆಗೆದಾಗಲೆಲ್ಲ ಗಾಳಿ ಒಳಗೆ ಹೋಗುತ್ತೆ."

"ಭಟ್ಟಿ ವಿಷಯ ನನಗೆ ಹೇಳಿಕೊಡಬೇಡ."

"ಭಟ್ಟಿ ಅಲ್ಲಾರೀ, ಮುಚ್ಚಳ."

ಜಲಪಾತದ ಬಂಡೆಯ ಮೇಲೆ ಯುದ್ಧ ಘೋಷಣೆಯಾಯಿತು. ಷಡ್ಡಕ ರಸ್ಕೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಅದು ಎರಡೂ ಕಡೆಗೆ ಜೋತುಬಿತ್ತು.

"ತಮ್ಮಾ, ಇದನ್ನ ಕಡಿಯೋದಾ, ಒಣಗೋಕೆ ಹಾಕೋದಾ?"

"ನಿಮ್ಮ ಊರಿನ ಗಾಳಿ ಅಣ್ಣಾ, ನಿಮ್ಮ ಹಾಗೇ. ಎಲ್ಲದಕ್ಕೂ ಬಂದು ಅಂಟಿಕೊಳ್ಳುತ್ತೆ."

ಷಡ್ಡಕ ನಕ್ಕ. ನಗುವಾಗ ಅವನ ಮುಂದಿನ ಹೊಸ ಹಲ್ಲು ಹೊಳೆಯಿತು. ಹೋದ ತಿಂಗಳಷ್ಟೇ ಕಟ್ಟಿಸಿಕೊಂಡದ್ದು. ಅದನ್ನು ತೋರಿಸಲೆಂದೇ ಅವನು ಈಚೆಗೆ ಹೆಚ್ಚು ನಗುತ್ತಿದ್ದ. "ಹಾಗಾದ್ರೆ ಕೇಳು. ಆ ಭಟ್ಟಿ ಒಡೆಸಿ ಹಾಕ್ತೀನಿ. ಬನ್ನು ಹೊರಗಿಂದ ತರಿಸಿದ್ರೆ ಆಯ್ತು. ಆ ಜಾಗದಲ್ಲಿ ಫ್ರಿಜ್ ಇಡೋಣ, ನೀನು ಅದರ ಪಕ್ಕ ನಿಂತು ಐಸ್‌ಕ್ಯಾಂಡಿ ಮಾರು. ತಂಪಾಗಿ ಇರ್ತೀಯ."

ರಸ್ಕಣ್ಣನ ಮುಖ ಭಟ್ಟಿಯ ಕೆಂಡದಂತಾಯಿತು. ಬದುಕಿಡೀ ಬೆಂಕಿಯೊಂದಿಗೆ ಬಾಳಿದವನ ಕೈಗೆ ಐಸ್‌ಕ್ಯಾಂಡಿ! "ಬರೋ ಸೋಮವಾರ ದೋಣಿಯಲ್ಲಿ ಮರಿದ್ವೀಪಕ್ಕೆ ಹೋಗ್ತೀವಲ್ಲ, ಅಲ್ಲಿ ಚಹಾದ ಹೊತ್ತಿಗೆ ನನ್ನ ರಸ್ಕು ನಿಮ್ಮ ಬಾಯಲ್ಲಿ ಕಟಕ್ ಅನ್ನದಿದ್ರೆ ಭಟ್ಟಿ ಒಡೀರಿ. ಕಟಕ್ ಅಂದ್ರೆ, ಅದರ ತಂಟೆಗೆ ಬರಬೇಡಿ."

"ಆಯ್ತು ತಮ್ಮಾ. ನಡುವೆ ಸಮುದ್ರ ಇದೆ, ಮರೀಬೇಡ."

ಆ ವಾರ ರಸ್ಕಣ್ಣ ಉಂಡನೋ ಬಿಟ್ಟನೋ ಯಾರಿಗೂ ಗೊತ್ತಿಲ್ಲ. ಸೋಮವಾರ ಬೆಳಗಿನ ಜಾವ, ಎರಡು ಸಲ ಸುಟ್ಟು ಮುಗಿದಿದ್ದ ರಸ್ಕನ್ನು ಮೂರನೇ ಸಲ ಭಟ್ಟಿಗೆ ಇಟ್ಟ. ಡಬ್ಬಿಯನ್ನೂ ಭಟ್ಟಿಯ ನೆತ್ತಿಯ ಮೇಲೆ ಕಾಯಿಸಿದ. ಬಿಸಿ ಡಬ್ಬಿಗೆ ಬಿಸಿ ರಸ್ಕು ತುಂಬಿ, ಮುಚ್ಚಳ ಬಿಗಿದು, ಸುತ್ತ ಮೈದಾ ಹಿಟ್ಟಿನ ಪಟ್ಟಿ ಮೆತ್ತಿ ಒಣಗಿಸಿದ. ಕೋಟೆಯ ಬಾಗಿಲು ಭದ್ರವಾಯಿತು.

ದೋಣಿ ಇನ್ನೂ ದಡ ಬಿಟ್ಟಿರಲಿಲ್ಲ, ಕೋಟೆಯ ಒಡೆಯನೇ ಹಿಟ್ಟಿನ ಪಟ್ಟಿಗೆ ಉಗುರು ಹಾಕಿದ. ಹೆಂಡತಿ ಡಬ್ಬಿಯನ್ನು ಕಿತ್ತುಕೊಂಡು ಹಲಗೆಯ ಮೇಲಿಟ್ಟು, ಅದರ ಮೇಲೆ ಕೂತುಬಿಟ್ಟಳು.

"ಏಳೇ."

"ಏಳಲ್ಲ."

"ಒಂದೇ ಒಂದು ಸಲ ನೋಡ್ತೀನಿ."

"ಸೋಲೋ ಆಸೆ ಇದ್ರೆ ಸಮುದ್ರಕ್ಕೆ ಹಾರಿ, ಡಬ್ಬಿ ಮುಟ್ಟಬೇಡಿ."

"ಒಳಗೆ ಪುಡಿಯಾಗಿದ್ರೆ?"

"ನಾನು ಅಷ್ಟು ದಪ್ಪ ಅಂತಲಾ?"

ಈ ಪ್ರಶ್ನೆಗೆ ಉತ್ತರ ಕೊಟ್ಟು ಬದುಕಿದ ಗಂಡಂದಿರು ಕಡಿಮೆ. ರಸ್ಕಣ್ಣ ಅಲೆಗಳ ಕಡೆ ಕೆಕ್ಕರಿಸಿ ನೋಡಿದ. ದೋಣಿಯವನು ಹುಟ್ಟು ಹಾಕುತ್ತಲೇ, "ಡಬ್ಬಿಯಲ್ಲಿ ಹಾವೇನಾದ್ರೂ ಇದೆಯೇನಮ್ಮಾ?" ಎಂದ. "ಹಾವು ಹೊರಗೇ ಕೂತಿದೆ" ಎಂದ ಷಡ್ಡಕ, ರಸ್ಕಣ್ಣನ ಕಡೆ ನೋಡಿ. ಒಂದು ಅಲೆ ನೆಗೆದು ಎಲ್ಲರನ್ನೂ ತೋಯಿಸಿತು. ಹೆಂಡತಿ ನೆತ್ತಿಯಿಂದ ನೀರು ಸುರಿಸಿಕೊಂಡು ಅಲ್ಲಾಡದೆ ಕೂತಿದ್ದಳು. ಅವಳ ಅಡಿಯಲ್ಲಿ ಡಬ್ಬಿ ಒಣಗಿಯೇ ಇತ್ತು.

ಮರಿದ್ವೀಪದ ಮರದ ನೆರಳಲ್ಲಿ ಚಾಪೆ ಹಾಸಿದರು. ಅಕ್ಕ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. ರಸ್ಕಣ್ಣ ಹಿಟ್ಟಿನ ಪಟ್ಟಿ ಬಿಡಿಸಿ, ಮುಚ್ಚಳ ತೆಗೆದು, ಡಬ್ಬಿಯನ್ನು ಷಡ್ಡಕನ ಮುಂದೆ ಹಿಡಿದ. ಷಡ್ಡಕ ಆರಿಸಿ ಒಂದನ್ನು ತೆಗೆದು, ಚಹಾದ ಲೋಟದ ಕಡೆಗೆ ಒಯ್ದ.

"ಅದ್ದೋ ಹಾಗಿಲ್ಲ!" ರಸ್ಕಣ್ಣ ಕಿರುಚಿದ.

"ಗೊತ್ತಪ್ಪಾ ನಿನ್ನ ಕಾನೂನು" ಎಂದು ಷಡ್ಡಕ, ರಸ್ಕಣ್ಣನ ಖಚಿತ ಸೋಲನ್ನು ಎಲ್ಲರಿಗೂ ತೋರಿಸುವಂತೆ, ಮುಂದಿನ ಹಲ್ಲಿನಿಂದಲೇ ಕಚ್ಚಿದ.

ಕಟಕ್!

ಹಕ್ಕಿಗಳು ಹಾರಿದವು. ರಸ್ಕಣ್ಣ ಎರಡೂ ಕೈ ಎತ್ತಿ, ಬಚ್ಚಲಿನ ಏಡಿಯ ಭಂಗಿಯಲ್ಲಿ ನಿಂತ. ಷಡ್ಡಕ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದ. ಕೈ ತೆಗೆದಾಗ ರಸ್ಕಿನ ಅಂಚಿನಲ್ಲಿ ಅವನ ಹೊಸ ಹಲ್ಲು ನಾಟಿಕೊಂಡಿತ್ತು.

"ಅದು ರಸ್ಕಿನ ಸದ್ದಲ್ಲ, ನನ್ನ ಹಲ್ಲಿನ ಸದ್ದು!" ಎಂದು ಅವನು ಹಲ್ಲು ಹೋದ ಸಂದಿಯಿಂದ ಗಾಳಿ ಬಿಡುತ್ತಾ ಕೂಗಿದ. "ಪಂದ್ಯ ನಡೆಯಲ್ಲ! ನಾಳೆಯೇ ಭಟ್ಟಿ ಒಡೆಸ್ತೀನಿ!"

"ಹಲ್ಲು ಮುರೀಬೇಕಾದ್ರೆ ರಸ್ಕು ಗಟ್ಟಿ ಇರಬೇಕಲ್ಲ ಅಣ್ಣಾ!"

"ಗಟ್ಟಿ ಬೇರೆ, ಗರಿಗರಿ ಬೇರೆ! ನೀನೇ ಹೇಳಿದ್ದು, ಕಟಕ್ ಅನ್ನಬೇಕು ಅಂತ!"

ಇದು ನ್ಯಾಯವಾದ ಮಾತಾಗಿತ್ತು. ರಸ್ಕಣ್ಣನ ಕೈಗಳು ನಿಧಾನವಾಗಿ ಕೆಳಗಿಳಿದವು. ಕಣ್ಣೆದುರು ಐಸ್‌ಕ್ಯಾಂಡಿ ಕುಣಿಯಿತು.

ಆಗ ಹೆಂಡತಿ ಎದ್ದಳು. ಡಬ್ಬಿಯಿಂದ ಇನ್ನೊಂದು ರಸ್ಕು ತೆಗೆದು, ಷಡ್ಡಕನ ಕಿವಿಯ ಪಕ್ಕ ಹಿಡಿದು, ಎರಡೂ ಕೈಯಿಂದ ಮುರಿದಳು. ಕಟಕ್! ಚೂರು ಅವನ ಹೆಗಲ ಮೇಲೆ ಉದುರಿತು.

"ಇದರಲ್ಲೂ ನಿಮ್ಮ ಹಲ್ಲಿತ್ತಾ ಭಾವ?"

ಅಕ್ಕನಿಗೆ ಮೂಗಿನಲ್ಲಿ ಚಹಾ ಬಂತು. ದೋಣಿಯವನು ಮರಳಿನ ಮೇಲೆ ಬಿದ್ದು ಹೊರಳಾಡಿ ನಕ್ಕ. ಷಡ್ಡಕ ತನ್ನ ಹಲ್ಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ದೋಣಿ ಹತ್ತಿ ಕೂತ.

ಭಟ್ಟಿ ಉಳಿಯಿತು. ಹೆಂಡತಿಯ ಮುಚ್ಚಳದ ಮಾತು ಸರಿ ಎಂದು ರಸ್ಕಣ್ಣ ಇವತ್ತಿಗೂ ಒಪ್ಪಿಲ್ಲ. ಆದರೆ ಡಬ್ಬಿಗಳ ಮೇಲೆಲ್ಲ ಈಗ ಒಂದೊಂದು ಇಟ್ಟಿಗೆ ಕೂತಿದೆ. ಷಡ್ಡಕ ಸೋಲನ್ನು ಮರೆಯುವವನಲ್ಲ. ದಿನಾ ಬೆಳಿಗ್ಗೆ ಚಹಾ ಲೋಟ ಹಿಡಿದು ಭಟ್ಟಿಯ ಎದುರಿಗೆ ಕುರ್ಚಿ ಎಳೆದುಕೊಳ್ಳುತ್ತಾನೆ. ಹಲ್ಲಿನ ಸಂದಿಯನ್ನು ಬೇಕೆಂದೇ ತೋರಿಸಿ, ರಸ್ಕಣ್ಣನ ಕಣ್ಣಲ್ಲಿ ಕಣ್ಣಿಟ್ಟು, ಕಡಿಯದ ರಸ್ಕನ್ನು ಚಹಾದಲ್ಲಿ ನಿಧಾನವಾಗಿ ಅದ್ದುತ್ತಾನೆ.

"ಏನ್ಮಾಡೋದು ತಮ್ಮಾ, ಹಲ್ಲಿಲ್ಲ."

"ಅದ್ದಿ ಅಣ್ಣಾ, ನಿಮ್ಮದೇ ಅಂಗಡಿ" ಎನ್ನುತ್ತಾನೆ ರಸ್ಕಣ್ಣ, ಬೆಣ್ಣೆಯಂಥ ದನಿಯಲ್ಲಿ. ಷಡ್ಡಕನ ಪಾಲಿನ ರಸ್ಕನ್ನು ಅವನು ಬೇರೆ ತಟ್ಟೆಯಲ್ಲಿಟ್ಟು ನಾಲ್ಕನೇ ಸಲ ಸುಡುತ್ತಾನೆ. ಷಡ್ಡಕ ಅದ್ದಿ ಕಾಯುತ್ತಾನೆ, ಎತ್ತಿ ಒತ್ತಿ ನೋಡುತ್ತಾನೆ, ಮತ್ತೆ ಅದ್ದುತ್ತಾನೆ. ಚಹಾ ಆರಿಹೋಗುತ್ತದೆ. ರಸ್ಕು ಮೆತ್ತಗಾಗುವುದಿಲ್ಲ.